ಇಂದ್ರಾಳಿಯಲ್ಲಿ ನಿಲ್ಲದ ರೈಲು

ನಮ್ಮ ಪುಟ್ಟನಿಗೆ ಮೂರು ತುಂಬಲು ಎರಡು ತಿಂಗಳು ಇರುವಾಗ ಇಂದ್ರಾಳಿ ಸ್ಟೇಷನ್ನಿನಲ್ಲಿ ಒಂದು ಸಂಜೆ ಜೋರಾಗಿ ಅತ್ತ. ಬಿದ್ದಿರಲಿಲ್ಲ, ಹಸಿವೂ ಆಗಿರಲಿಲ್ಲ. ಒಂದು ರೈಲು ನಿಲ್ಲದೆ ಹೋಗಿತ್ತು, ಅಷ್ಟೇ.

ಉಡುಪಿಯ ರೈಲ್ವೆ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಐದಾರು ನಿಮಿಷ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡರೆ ಒಂದೂವರೆ ಗಂಟೆ ಕಳೆಯುತ್ತದೆ. ಮಕ್ಕಳಿರುವ ಮನೆಗೆ ಇಷ್ಟು ಅಗ್ಗದ ಮನರಂಜನೆ ಬೇರೆ ಇಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದು ನಿಲ್ಲುತ್ತದೆ. ಜನ ಸೂಟ್‌ಕೇಸ್ ಎಳೆದುಕೊಂಡು ಓಡುತ್ತಾರೆ. ಕಿಟಕಿಯಿಂದ ಯಾರೋ ಕೈ ಬೀಸುತ್ತಾರೆ, ಇವನೂ ಬೀಸುತ್ತಾನೆ. ಮನೆಗೆ ಬಂದು ಗಂಜಿ ಉಂಡು ಮಲಗುತ್ತಾನೆ.

ಆ ದಿನ ಬಂದದ್ದು ರೋ-ರೋ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಸುರತ್ಕಲ್‌ನಲ್ಲಿ ತುಂಬಿದ ಲಾರಿಗಳನ್ನೇ ಸಾಲಾಗಿ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ವರೆಗೆ ಒಯ್ಯುತ್ತಾರೆ. ಪುಟ್ಟ ನೋಡಿದ್ದು ಅದೇ ಮೊದಲು. "ಲಾರಿ! ಲಾರಿ ರೈಲಲ್ಲಿ ಕೂತಿದೆ!" ಎಂದು ಕುಣಿದ. ರೈಲು ಅವನ ಮುಂದೆಯೇ ಧಡಧಡನೆ ಹೋಯಿತು. ಕೊನೆಯ ಲಾರಿಯೂ ಹೋಯಿತು. ಅವನು ಕಾದ. ಆಮೇಲೆ ಅಳು. "ಅದು ಯಾಕೆ ನಿಲ್ಲಲಿಲ್ಲ?"

ಉಡುಪಿಯಲ್ಲಿ ಇಳಿಯುವವರು ಯಾರೂ ಇರಲಿಲ್ಲ, ಅದಕ್ಕೆ ಅಂದೆ. ಲಾರಿಯವರಿಗೆ ದೂರ ಹೋಗಲಿಕ್ಕೆ ಉಂಟು ಅಂದೆ. ಯಾವುದೂ ನಡೆಯಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅದೇ ಪ್ರಶ್ನೆ.

ಹುಟ್ಟಿದ ದಿನಕ್ಕೆ ಒಂದು ಬ್ಯಾಟರಿ ರೈಲು ತೆಗೆದುಕೊಡುವುದು ಎಂದು ಆ ರಾತ್ರಿಯೇ ನಿರ್ಧಾರವಾಯಿತು. ಅವನ ಪ್ರಶ್ನೆಯನ್ನೂ ಅಂಗಡಿಗೆ ಜೊತೆಗೆ ಒಯ್ದಿದ್ದರೆ ನನಗೆ ಆರುನೂರೈವತ್ತು ರೂಪಾಯಿ ಉಳಿಯುತ್ತಿತ್ತು.

ಲಕ್ಷದೀಪೋತ್ಸವದ ಸಮಯ. ರಥಬೀದಿ ತುಂಬ ಜನ, ಬಳೆ, ಬಲೂನು, ಚುರುಮುರಿ. ಆಟಿಕೆಯ ಒಂದು ಸ್ಟಾಲ್‌ನಲ್ಲಿ ರೈಲೊಂದು ಸುಮ್ನೆ ಸುತ್ತುತ್ತಾ ಇತ್ತು. ಕೆಂಪು ಲೈಟು, ನೀಲಿ ಲೈಟು, ಚಿಮಣಿಯಿಂದ ಹೊಗೆ.

"ಮಗುವಿಗೆ ಎಷ್ಟು ಪ್ರಾಯ ಅಕ್ಕ?" ಅಂಗಡಿಯ ಹುಡುಗ ಕೇಳಿದ.

"ಮೂರು ಆಗ್ತದೆ."

"ಹಾಗಾದ್ರೆ ಇದನ್ನೇ ಕೊಂಡೋಗಿ. ಲೈಟ್ ಉಂಟು, ಮ್ಯೂಸಿಕ್ ಉಂಟು, ಹೊಗೆ ಕೂಡ ಬರ್ತದೆ. ಬರೀ ನೀರು ಹಾಕಿದ್ರೆ ಸಾಕು."

ಹೊಗೆ ನೋಡಿ ನಾನೇ ಮರುಳಾದೆ. ಪುಟ್ಟ ಜೊತೆಯಲ್ಲಿ ಇರಲೂ ಇಲ್ಲ. ಅಂದರೆ ಆ ರೈಲು ಕೊಂಡದ್ದು ನನಗೇ, ಅಲ್ವಾ?

ಮನೆಯ ಚಾವಡಿಯಲ್ಲಿ ಹಳಿ ಜೋಡಿಸಿದೆವು. ಪ್ಲಾಸ್ಟಿಕ್ ಹಳಿಯ ಒಂದು ಉಂಗುರ. ಮೂರು ಪೆನ್ಸಿಲ್ ಸೆಲ್. ಸ್ವಿಚ್ ಹಾಕಿದ ಕೂಡಲೇ ರೈಲು ಹೊರಟಿತು. ಪುಟ್ಟ ಕಣ್ಣರಳಿಸಿದ. ನನ್ನ ಅಪ್ಪ ಆರಾಮ ಕುರ್ಚಿಯಿಂದ ಬಗ್ಗಿ ನೋಡಿದರು. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಮೂರನೇ ನಿಮಿಷಕ್ಕೆ ಅವನು ರೈಲಿನ ಮುಂದೆ ಕೈ ಅಡ್ಡ ಇಟ್ಟ. ಅದು ಗರ್ರ್ ಎಂದು ಕೈಯನ್ನು ದೂಡತೊಡಗಿತು. ಎತ್ತಿ ಹಿಡಿದ. ಚಕ್ರ ತಿರುಗುತ್ತಲೇ ಇತ್ತು, ಹಾಡೂ ನಿಲ್ಲಲಿಲ್ಲ. ಸ್ವಿಚ್ ಇದ್ದದ್ದು ಹೊಟ್ಟೆಯ ಕೆಳಗೆ, ಅಕ್ಕಿಕಾಳಿನಷ್ಟು. ನನಗೇ ಉಗುರು ಬೇಕು. ಅವನು ಅದನ್ನು ನನ್ನ ಮಡಿಲಿಗೆ ತಂದುಹಾಕಿ ಹೇಳಿದ, "ನಿಲ್ಸು."

ನಿಲ್ಲಿಸಿದೆ. ಅವನು ಅದನ್ನು ನೆಲದ ಮೇಲಿಟ್ಟು ಕೈಯಿಂದ ದೂಡಲು ಹೋದ. ಚಕ್ರ ತಿರುಗಲೇ ಇಲ್ಲ. ಇನ್ನೂ ಜೋರಾಗಿ ದೂಡಿದ. ಒಳಗೆ ಟಿಕ್ ಎಂದಿತು. ಎರಡನೇ ದಿನಕ್ಕೆ ಮೋಟರ್ ತಿರುಗುತ್ತಿತ್ತು, ರೈಲು ಮಾತ್ರ ಇದ್ದಲ್ಲೇ ಇತ್ತು.

ಬಿಚ್ಚಿ ನೋಡಿದೆ. (ಬಿಚ್ಚುವ ಚಟ ನನಗೆ ಮೊದಲಿನಿಂದಲೂ ಇದೆ. ಮತ್ತೆ ಜೋಡಿಸುವುದರಲ್ಲಿ ಅಷ್ಟು ಹೆಸರಿಲ್ಲ.) ಇಂಥ ರೈಲಿನ ಮೋಟರ್ ಸಣ್ಣದು, ತುಂಬ ಜೋರಾಗಿ ತಿರುಗುತ್ತದೆ, ಆದರೆ ಅದರಲ್ಲಿ ಎಳೆಯುವ ಬಲ ಇಲ್ಲ. ಅದಕ್ಕೆ ನಡುವೆ ಎರಡು ಮೂರು ಹಲ್ಲುಚಕ್ರ ಹಾಕಿ ವೇಗ ಇಳಿಸಿ ಬಲ ಹೆಚ್ಚಿಸುತ್ತಾರೆ. ಮೋಟರ್ ಚಕ್ರವನ್ನು ತಿರುಗಿಸುವುದು ಸುಲಭ. ಚಕ್ರದ ಕಡೆಯಿಂದ ದೂಡಿದರೆ ಇಡೀ ಹಲ್ಲುಚಕ್ರದ ಸಾಲು ಮತ್ತು ಮೋಟರ್ ಎಲ್ಲವೂ ಹಿಮ್ಮುಖವಾಗಿ ತಿರುಗಬೇಕು. ಅಗ್ಗದ ಪ್ಲಾಸ್ಟಿಕ್‌ನ ಹಲ್ಲು ಅಷ್ಟು ತಾಳುವುದಿಲ್ಲ, ಕಳಚಿ ಬೀಳುತ್ತದೆ. ಸ್ವಲ್ಪ ಯೋಚನೆ ಮಾಡಿ ಕಟ್ಟಿದ ಎಂಜಿನ್‌ನಲ್ಲಿ ಒಂದು ಜಾರುವ ಹಲ್ಲುಚಕ್ರ ಇರುತ್ತದೆ. ಮಗು ಹಿಡಿದು ನಿಲ್ಲಿಸಿದರೆ ಅದು ಟಕಟಕ ಎಂದು ಜಾರುತ್ತದೆ, ಮುರಿಯುವುದಿಲ್ಲ. ಸ್ವಿಚ್ ಆರಿಸಿದರೆ ಕೈಯಿಂದಲೂ ಓಡುತ್ತದೆ.

ಮೂರು ವರ್ಷದ ಮಗು ರೈಲನ್ನು ಹಿಡಿಯದೆ ಇರುತ್ತದೆಯೇ? ದೂಡದೆ ಇರುತ್ತದೆಯೇ? ಹಾಗೆ ಮಾಡಿದರೆ ಮುರಿಯುವ ವಸ್ತುವನ್ನು ಮೂರು ವರ್ಷದವರಿಗೆ ಅಂತ ಮಾರಿದ್ದಾರಲ್ಲ, ಅದು ನನಗೆ ಸಿಟ್ಟು.

ನಿಜವಾಗಿ ಹೆದರಿದ್ದು ಬೇರೆ ವಿಷಯಕ್ಕೆ. ಸೆಟ್ಟಿನ ಜೊತೆಗೆ ಒಂದು ಸಿಗ್ನಲ್ ಕಂಬ ಇತ್ತು. ಗುಂಡಿ ಒತ್ತಿದರೆ ಕೆಂಪು ಲೈಟು, ಗಂಟೆಯ ಶಬ್ದ. ಮೂರನೆಯ ದಿನ ಅಪ್ಪ ಕೂಗಿದರು, "ಏ, ಇದೆಂತ ಅಂಗಿಯ ಗುಂಡಿಯ ಹಾಗೆ ಉಂಟು?" ಕಂಬದ ಅಡಿಯ ಮುಚ್ಚಳ ಕಳಚಿ ಮೂರು ಬಟನ್ ಸೆಲ್ ಕೆಂಪು ನೆಲದ ಮೇಲೆ ಬಿದ್ದಿದ್ದವು. ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ. ಪುಟ್ಟ ಎರಡು ಮಾರು ದೂರದಲ್ಲಿದ್ದ. ಒಂದು, ಎರಡು, ಮೂರು ಎಂದು ಎಣಿಸಿ ಕೈಗೆ ತಗೊಂಡ ಮೇಲೆಯೇ ನನ್ನ ಉಸಿರು ಬಂದದ್ದು.

ಬಟನ್ ಸೆಲ್ ನುಂಗಿದರೆ ನಾಳೆ ಹೊರಗೆ ಬರುತ್ತದೆ ಎಂದು ಕಾಯುವಂಥದ್ದಲ್ಲ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುತ್ತಲಿನ ಒದ್ದೆಯ ಮೂಲಕ ವಿದ್ಯುತ್ ಹರಿಯುತ್ತದೆ, ಅಲ್ಲೇ ಕ್ಷಾರ ಹುಟ್ಟುತ್ತದೆ, ಅದು ಮಾಂಸವನ್ನು ಸುಡುತ್ತದೆ. ಎರಡು ಗಂಟೆಯೊಳಗೆ ದೊಡ್ಡ ಗಾಯ ಆಗಬಹುದು. ಮುಖ್ಯವಾಗಿ ಹೆದರಬೇಕಾದ್ದು ಲಿಥಿಯಂನ ದೊಡ್ಡ ಬಿಲ್ಲೆಗೆ. 2032 ಎಂದು ಬರೆದಿರುತ್ತದಲ್ಲ, ಅದರ ಅರ್ಥವೇ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಣ್ಣ ಮಕ್ಕಳ ಗಂಟಲಿನ ಕೆಳಗೆ ಸಿಕ್ಕಿಕೊಳ್ಳಲು ಸರಿಯಾದ ಅಳತೆ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಓಡಬೇಕು. ಎಕ್ಸ್-ರೇಯಲ್ಲಿ ಕಾಣಿಸುತ್ತದೆ. ಮಗು ಆರಾಮಾಗಿ ಆಡುತ್ತಿದೆ ಎಂದು ಸುಮ್ಮನೆ ಕೂರಬಾರದು.

ಆ ಕಂಬವನ್ನು ಅವತ್ತೇ ಎಸೆದೆ. ಸೆಲ್ಲುಗಳನ್ನು ಟೇಪ್ ಸುತ್ತಿ ಕಪಾಟಿನ ಮೇಲೆ ಇಟ್ಟೆ.

ಆಮೇಲೆ ಪೆಟ್ಟಿಗೆ ತಿರುಗಿಸಿ ನೋಡಿದೆ. ಐಎಸ್‌ಐ ಗುರುತು ಎಲ್ಲೂ ಇರಲಿಲ್ಲ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗೆ ಈ ಗುರುತು ಕಡ್ಡಾಯ. ವಿದ್ಯುತ್ತಿನ ಆಟಿಕೆ, ಅಂದರೆ ಬ್ಯಾಟರಿಯದ್ದೂ ಸೇರಿ, ಐಎಸ್ 15644 ಎಂಬ ನಿಯಮಕ್ಕೆ ಬರುತ್ತದೆ. ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಇರುತ್ತದೆ, ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರದ್ದು ಎಂದು ತೋರಿಸುತ್ತದೆ. ಇದೆಲ್ಲ ಗೊತ್ತಿದ್ದೂ ಜಾತ್ರೆಯ ಗದ್ದಲದಲ್ಲಿ ನೋಡದೆ ತಂದೆ. ಹೊಗೆಯ ಮಹಿಮೆ.

ಊಟದ ಹೊತ್ತಿಗೆ ಅಪ್ಪ ತಮ್ಮ ರೈಲಿನ ಕತೆ ತೆಗೆದರು. ಅವರ ಚಿಕ್ಕಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದವರು. ನಮ್ಮ ಕಡೆ ಯಾವ ಮನೆಯಲ್ಲಿ ಅಂಥ ಒಬ್ಬ ಚಿಕ್ಕಪ್ಪ ಇಲ್ಲ? ಒಮ್ಮೆ ಊರಿಗೆ ಬರುವಾಗ ತಗಡಿನ ರೈಲು ತಂದಿದ್ದರಂತೆ, ಕೀ ಕೊಟ್ಟು ಬಿಡುವಂಥದ್ದು. ಅಂಚು ಹರಿತ. ಅಪ್ಪನ ಹೆಬ್ಬೆರಳಿನಲ್ಲಿ ಈಗಲೂ ಒಂದು ಗೆರೆ ಇದೆ, ಸುರಕ್ಷತೆಯ ಮಾತು ಬಂದರೆ ಅದನ್ನು ತೋರಿಸುತ್ತಾರೆ.

"ಅದು ಎಷ್ಟು ಹೊತ್ತು ಓಡ್ತಿತ್ತು ಅಪ್ಪ?"

"ಅರ್ಧ ನಿಮಿಷ. ಮತ್ತೆ ನಿಲ್ತಿತ್ತು. ಆಮೇಲೆ ನನ್ನ ಕೆಲಸ ಅಲ್ವಾ, ಕೀ ಕೊಡುವುದು."

ಆಗ ಉಡುಪಿಗೆ ರೈಲೇ ಇರಲಿಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉಡುಪಿಗೆ ಬರಲು ಅದಕ್ಕೆ 86 ವರ್ಷ ಬೇಕಾಯಿತು. 1993ರಲ್ಲಿ ಕೊಂಕಣ ರೈಲ್ವೆಯ ಈ ತುಂಡು ಮೊದಲು ತೆರೆಯಿತು, ಪೂರ್ತಿ ಮಾರ್ಗ ಆದದ್ದು 1998ರ ಜನವರಿಯಲ್ಲಿ. ಚಿಕ್ಕಪ್ಪ ಊರಿಗೆ ಬರುತ್ತಿದ್ದದ್ದು ಬಸ್ಸಿನಲ್ಲಿ. ಅಪ್ಪ ಮೊದಲು ಆಟಿಕೆಯ ರೈಲು ನೋಡಿದರು, ಎಷ್ಟೋ ವರ್ಷದ ಮೇಲೆ ಮಂಗಳೂರಿನಲ್ಲಿ ನಿಜವಾದದ್ದು. ಪುಟ್ಟನದು ತಿರುಗುಮುರುಗು.

ಅಪ್ಪನ ಆ "ನನ್ನ ಕೆಲಸ" ಎಂಬ ಮಾತು ತಲೆಯಲ್ಲಿ ಉಳಿಯಿತು. ತಾನೇ ಓಡುವ, ತಾನೇ ಹಾಡುವ, ತಾನೇ ಹೊಗೆ ಬಿಡುವ ರೈಲಿನಲ್ಲಿ ಮಗುವಿಗೆ ಏನು ಕೆಲಸ? ಮೂಲೆಯಲ್ಲಿ ಚನ್ನಪಟ್ಟಣದ ಒಂದು ಮರದ ರೈಲು ಇತ್ತು, ಬೆಂಗಳೂರಿನಿಂದ ನನ್ನ ಅಕ್ಕ ತಂದದ್ದು. ಹಾಲೆ ಮರಕ್ಕೆ ಅರಗಿನ ಬಣ್ಣ, ಮೋಟರಿಲ್ಲ, ಏನಿಲ್ಲ. (ಇಂಥ ಕರಕುಶಲ ಆಟಿಕೆಗಳಿಗೆ ಐಎಸ್‌ಐ ನಿಯಮದಿಂದ ವಿನಾಯಿತಿ ಇದೆ. ಗುರುತು ಇಲ್ಲ ಎಂದು ಗಾಬರಿಯಾಗಬೇಡಿ.) ಅದನ್ನು ಅವನು ಒಂದೂವರೆ ವರ್ಷದಿಂದ ದಿನಾ ದೂಡುತ್ತಿದ್ದಾನೆ. ಬ್ಯಾಟರಿ ರೈಲು ಕೆಟ್ಟ ದಿನವೂ ಅದನ್ನೇ ದೂಡಿದ.

ಹಾಗಾದರೆ ಬ್ಯಾಟರಿ ಯಾಕೆ ಎಂದು ಕೇಳಬಹುದು. ಎರಡು ವರ್ಷದ ಮಗುವಾದರೆ ನಾನೂ ಬೇಡ ಎನ್ನುತ್ತೇನೆ, ಖಂಡಿತ. ಮೂರಕ್ಕೆ ಬರುವಾಗ ಒಂದು ಬದಲಾವಣೆ ಆಗುತ್ತದೆ. ತಾನು ಗುಂಡಿ ಒತ್ತಿದ್ದರಿಂದ ಅದು ಹೊರಟಿತು, ತಾನು ಒತ್ತಿದ್ದರಿಂದ ನಿಂತಿತು ಎಂಬುದು ಅವರಿಗೆ ತಿಳಿಯತೊಡಗುತ್ತದೆ. ಇಂದ್ರಾಳಿಯಲ್ಲಿ ಅವನಿಗೆ ಬೇಕಿದ್ದದ್ದು ಅದೇ ಇರಬೇಕು. ರೈಲಿಗೆ ನಿಲ್ಲು ಎಂದರೆ ನಿಲ್ಲಬೇಕು.

ಜಪಾನಿನ ಪ್ಲಾರೈಲ್ ಎಂಬ ನೀಲಿ ಹಳಿಯ ಆಟಿಕೆ ಕೇಳಿರಬಹುದು. ಅದು ಶುರುವಾದದ್ದು 1959ರಲ್ಲಿ, ಕೈಯಿಂದ ದೂಡುವ ರೈಲಾಗಿ. ಮೋಟರ್ ಬಂದದ್ದು 1961ರಲ್ಲಿ. ಅಂದಿನ ಹಳಿಗೆ ಇಂದಿನ ಹಳಿ ಈಗಲೂ ಕೂಡುತ್ತದೆ. ಮರದ ಹಳಿಯಲ್ಲೂ ಹಾಗೆಯೇ. ಸ್ವೀಡನ್ನಿನ ಬ್ರಿಯೊ 1958ರಲ್ಲಿ ತಂದ ಅಳತೆಯನ್ನೇ ಬೇರೆ ಕಂಪನಿಗಳೂ ಹಿಡಿದಿವೆ. ಹಾಗಾಗಿ ಒಬ್ಬರ ಹಳಿಗೆ ಇನ್ನೊಬ್ಬರದ್ದು ಹೆಚ್ಚಾಗಿ ಸೇರುತ್ತದೆ. ಜಾತ್ರೆಯ ಉಂಗುರಕ್ಕೆ ಮುಂದೆ ಒಂದು ತುಂಡೂ ಸೇರಿಸಲು ಆಗುವುದಿಲ್ಲ. ಎಂಜಿನ್ ಹೇಗೂ ಒಂದು ದಿನ ಕೆಡುತ್ತದೆ. ಹಳಿ ಉಳಿಯುವಂಥದ್ದು, ದುಡ್ಡು ಹಾಕುವುದಾದರೆ ಅಲ್ಲಿ ಹಾಕಬೇಕು.

ಎರಡನೇ ಸಲ ಮಂಗಳೂರಿಗೆ ಹೋದೆ, ಪುಟ್ಟನನ್ನು ಕರೆದುಕೊಂಡೇ. ಹಂಪನಕಟ್ಟೆಯ ಹತ್ತಿರ ಒಂದು ಅಂಗಡಿ. ವಯಸ್ಸಾದ ಯಜಮಾನರು, ಅವಸರ ಇಲ್ಲದವರು.

"ತೆರೆದು ನೋಡ್ಬಹುದಾ?"

"ನೋಡಿ, ನೋಡಿ. ನೋಡದೆ ತಗೊಳ್ಳಿಕ್ಕೆ ಇದೆಂತ ಲಾಟರಿಯಾ?"

ಮೊದಲು ಸೆಲ್ ಹಾಕದೆಯೇ ಎಂಜಿನನ್ನು ಗಾಜಿನ ಮೇಜಿನ ಮೇಲೆ ದೂಡಿದೆ. ಒಂದು ಜಗ್ಗಲಿಲ್ಲ. ಇನ್ನೊಂದು ಸಲೀಸಾಗಿ ಹೋಯಿತು. ಅದನ್ನು ತಿರುಗಿಸಿ ನೋಡಿದೆ, ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇತ್ತು. ಒಂದೇ ಪೆನ್ಸಿಲ್ ಸೆಲ್, ಬಟನ್ ಸೆಲ್ ಎಲ್ಲೂ ಇಲ್ಲ. ಬೋಗಿಗಳನ್ನು ಜೋಡಿಸುವ ಮ್ಯಾಗ್ನೆಟ್ಟನ್ನು ಉಗುರಿನಿಂದ ಕೀಳಲು ನೋಡಿದೆ, ಅಲುಗಲಿಲ್ಲ. ಮ್ಯಾಗ್ನೆಟ್ ವಿಷಯದಲ್ಲಿ ಹಗುರವಾಗಿ ಇರಬಾರದು. ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ. ಬೇರಾಗಿ ಬರುವ ತುಂಡು ಯಾವುದಾದರೂ ಸುಮಾರು 32 ಮಿ.ಮೀ. ಅಗಲದ ಅಳತೆ ಕೊಳವೆಯೊಳಗೆ ಪೂರ್ತಿ ಹಿಡಿಸಿದರೆ ಅದು ಮೂರು ವರ್ಷದ ಒಳಗಿನವರಿಗಲ್ಲ. ನೀರಿನ ಬಾಟಲಿಯ ಮುಚ್ಚಳಕ್ಕಿಂತ ಒಂದಿಷ್ಟು ದೊಡ್ಡದು ಎಂದು ಲೆಕ್ಕ ಇಟ್ಟುಕೊಳ್ಳಿ.

ಕೊನೆಗೆ ಸೆಲ್ ಹಾಕಿಸಿ ಪುಟ್ಟನ ಕೈಗೆ ಕೊಟ್ಟೆ. ಎಂಜಿನ್ನಿನ ತಲೆಯ ಮೇಲೆ ಎರಡು ದೊಡ್ಡ ಗುಂಡಿ. ಒಂದು ಒತ್ತಿದರೆ ಓಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಅವನು ಓಡಿಸಿದ. ನಿಲ್ಲಿಸಿದ. ಓಡಿಸಿದ. ನಿಲ್ಲಿಸಿ ನನ್ನ ಮುಖ ನೋಡಿದ. ಅಂಗಡಿಯಲ್ಲಿ ಅವನು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಜಾಸ್ತಿ.

"ಇದಕ್ಕೆ ಮ್ಯೂಸಿಕ್ ಇಲ್ಲ, ಆದೀತಾ ನಿಮಗೆ?" ಯಜಮಾನರು ಕೇಳಿದರು.

"ಅದಕ್ಕೇ ಬೇಕಾದ್ದು."

"ಹಾಗಾದ್ರೆ ಮನೆಯಲ್ಲಿ ಹಿರಿಯರು ಇದ್ದಾರೆ," ಎಂದು ನಕ್ಕರು.

ವಂದೇ ಭಾರತ್ ಆಟಿಕೆಯನ್ನೂ ತೋರಿಸಿದರು. ಮಂಗಳೂರು–ಮಡಗಾಂವ್ ವಂದೇ ಭಾರತ್ 2023ರ ಡಿಸೆಂಬರ್ 30ಕ್ಕೆ ಶುರುವಾದ ಮೇಲೆ ಇಲ್ಲಿನ ಮಕ್ಕಳೆಲ್ಲ ಅದನ್ನೇ ಕೇಳುತ್ತಾರಂತೆ. ನೋಡಲು ಚೆಂದ. ಆದರೆ ಬೋಗಿ ಬೇರೆಯಾಗುವುದಿಲ್ಲ, ಹಳಿಯೂ ಇಲ್ಲ, ಗೋಡೆಗೆ ಬಡಿದು ತಿರುಗಿ ಬರುವಂಥದ್ದು. ಪುಟ್ಟ ಒಂದು ಸಲ ನೋಡಿ ತನ್ನ ಗುಂಡಿಗೆ ವಾಪಸ್ ಹೋದ. ಹಳಿ, ಎಂಜಿನ್, ಎರಡು ಬೋಗಿ, ಒಂದು ಕವಲು ಹಳಿ ಸೇರಿ ಸಾವಿರದ ನಾನೂರು ಕೊಟ್ಟು ಬಂದೆವು.

ಈ ಎಂಜಿನ್ನಿಗೂ ಚಿಮಣಿ ಉಂಟು. ಆಟಿಕೆಯ ಲೋಕದಲ್ಲಿ ಉಗಿಬಂಡಿ ಇನ್ನೂ ನಿವೃತ್ತಿಯಾಗಿಲ್ಲ. "ಇದು ಎಂತ?" ಎಂದು ಪುಟ್ಟ ಕೇಳಿದಾಗ ನನಗೆ ನಗು ಬಂತು. ನಾವು ಚುಕುಬುಕು ಎಂದು ಹೇಳಿಕೊಡುತ್ತೇವೆ. ಅವನು ನೋಡಿದ ಒಂದು ರೈಲೂ ಹಾಗೆ ಅನ್ನುವುದಿಲ್ಲ, ಪೋಂ ಎನ್ನುತ್ತದೆ. ಕೊಂಕಣ ರೈಲ್ವೆಯ ಪೂರ್ತಿ ಮಾರ್ಗಕ್ಕೆ ವಿದ್ಯುತ್ ತಂತಿ ಬಂದದ್ದು 2022ರಲ್ಲಿ. ಅವನ ಲೆಕ್ಕದಲ್ಲಿ ರೈಲಿನ ತಲೆಯ ಮೇಲೆ ತಂತಿ ಮುಟ್ಟುವ ಕೈ ಇರಬೇಕು. ರಟ್ಟು ಮಡಚಿ ಟೇಪ್ ಹಾಕಿ ಒಂದು ಕೈ ಮಾಡಿಕೊಟ್ಟೆ. ಈಗ ಅದು ಚಿಮಣಿಯೂ ಇರುವ ಕರೆಂಟ್ ಎಂಜಿನ್.

ಹಳಿಗೆ ಸೇತುವೆ ಬೇಕೆಂದ. ಪುಸ್ತಕ ಜೋಡಿಸಿದೆವು. ಎಂಜಿನ್ ಅರ್ಧ ಏರಿ ನಿಂತಿತು, ಚಕ್ರ ಜಾರಿತು. ಒಂದು ಬೋಗಿ ತೆಗೆದರೂ ಏರಲಿಲ್ಲ. ಅಪ್ಪ ಹೇಳಿದರು, "ನಿನ್ನ ಸೇತುವೆ ಆಗುಂಬೆ ಘಾಟಿ ಆಯ್ತು ಮಾರಾಯ್ತಿ, ಇದು ರೈಲು." ಸರಿಯಾದ ಮಾತೇ. ಕೊಂಕಣ ರೈಲ್ವೆಯಲ್ಲಿ ಏರು 150ಕ್ಕೆ 1 ಮೀರದ ಹಾಗೆ ಹಳಿ ಹಾಕಿದ್ದಾರೆ, ನೂರೈವತ್ತು ಅಡಿ ಮುಂದೆ ಹೋದರೆ ಒಂದೇ ಅಡಿ ಮೇಲೆ. ಗುಡ್ಡ ಹತ್ತುವ ಬದಲು ಕೊರೆದುಕೊಂಡು ಹೋದದ್ದಕ್ಕೇ 90ಕ್ಕೂ ಹೆಚ್ಚು ಸುರಂಗ. ನಮ್ಮ ಎಂಜಿನ್ನಿನ ಹಿಂದಿನ ಚಕ್ರಕ್ಕೆ ರಬ್ಬರಿನ ಉಂಗುರ ಇದೆ, ಹಿಡಿತ ಅದರಿಂದಲೇ. ಅದಕ್ಕೆ ಧೂಳು ಮೆತ್ತಿತ್ತು, ತಲೆಕೂದಲೂ ಸುತ್ತಿತ್ತು. ಒರೆಸಿದೆ. ಸೇತುವೆಯನ್ನು ಎರಡು ಪುಸ್ತಕಕ್ಕೆ ಇಳಿಸಿದೆವು. ಏರಿತು.

ಸೆಲ್ಲಿನ ಬಗ್ಗೆ ಕರಾವಳಿಯವರಿಗೆ ಮಾತ್ರ ಒಂದು ಮಾತು. ನಮ್ಮ ಗಾಳಿಯಲ್ಲಿ ಉಪ್ಪೂ ಇದೆ, ಪಸೆಯೂ ಇದೆ. ಘಟ್ಟದ ಮೇಲೆ ಐದು ವರ್ಷ ಬಾಳುವ ಸ್ಪ್ರಿಂಗ್ ಇಲ್ಲಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಮುಗಿದ ಸೆಲ್ಲನ್ನು ಒಳಗೇ ಬಿಟ್ಟರೆ ಸೋರುತ್ತದೆ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗೆ ಗ್ಲೌಸ್ ಹಾಕಿ, ಹತ್ತಿಗೆ ನಾಲ್ಕು ಹನಿ ವಿನೆಗರ್ ಹಚ್ಚಿ ಒರೆಸಿ ಒಣಗಿಸಬೇಕು. ನಾನು ಚಾರ್ಜ್ ಮಾಡುವ ಸೆಲ್ ತಗೊಂಡೆ. ಅದು 1.5ರ ಬದಲು 1.2 ವೋಲ್ಟ್, ಹಾಗಾಗಿ ರೈಲು ಸ್ವಲ್ಪ ನಿಧಾನ. ಮೂರು ವರ್ಷದವನಿಗೆ ಅದು ಒಳ್ಳೆಯದೇ, ತಿರುವಿನಲ್ಲಿ ಬೀಳುವುದಿಲ್ಲ. ಅಗ್ಗದ ಕಾರ್ಬನ್ ಸೆಲ್ ಗಡಿಯಾರಕ್ಕೆ ಸರಿ, ಮೋಟರಿಗೆ ಬೇಡ.

ಮಳೆಗಾಲಕ್ಕೆ ಕೊಂಕಣ ರೈಲ್ವೆ ಬೇರೆಯೇ ಟೈಮ್ ಟೇಬಲ್ ಹಾಕುತ್ತದೆ, ರೈಲುಗಳ ವೇಗ ಇಳಿಸುತ್ತಾರೆ. ನಮ್ಮಲ್ಲೂ ಹಾಗೆ. ಜೂನ್‌ನಿಂದ ಸಂಜೆ ಒಂದು ಗಂಟೆ ಮಾತ್ರ ರೈಲು, ಆಮೇಲೆ ಸೆಲ್ ತೆಗೆದು ಡಬ್ಬಿಗೆ. ಇದು ಅಪ್ಪ ಮಾಡಿದ ನಿಯಮ. ಪುಟ್ಟ ಯಾಕೋ ಮರುಮಾತಿಲ್ಲದೆ ಒಪ್ಪಿದ. ರೈಲ್ವೆಯ ನಿಯಮ ಎಂದರೆ ಅವನಿಗೆ ಗೌರವ.

ನಿನ್ನೆ ಮಳೆ ಜೋರಿತ್ತು. ಚಾವಡಿಯಲ್ಲಿ ಬ್ಯಾಟರಿ ರೈಲು ಸುತ್ತುತ್ತಿತ್ತು. ಕವಲು ಹಳಿಯ ಪಕ್ಕ ನೆಲದ ಮೇಲೆ ಚನ್ನಪಟ್ಟಣದ ರೈಲು ನಿಂತಿತ್ತು. ಅದರ ಒಂದೊಂದು ಬೋಗಿಯ ಮೇಲೆ ಒಂದೊಂದು ಪುಟ್ಟ ಲಾರಿ.

"ಇದು ಯಾವ ರೈಲು?" ಎಂದೆ.

"ರೋ-ರೋ. ಇಂದ್ರಾಳಿಯಲ್ಲಿ ನಿಂತಿದೆ. ಲಾರಿಯವರು ಚಾ ಕುಡೀತಾ ಇದ್ದಾರೆ."

ಅಪ್ಪ ಅಡುಗೆಮನೆಗೆ ಹೋಗಬೇಕೆಂದು ಎದ್ದು ಹಳಿಯ ಅಂಚಿನಲ್ಲಿ ನಿಂತರು. ಒಂದು ಕಾಲು ಎತ್ತಿದರು.

"ನಿಲ್ಲಿ ಅಜ್ಜ, ನಿಲ್ಲಿ! ಕ್ರಾಸಿಂಗ್ ಉಂಟು."

ಅಪ್ಪ ಗೋಡೆ ಹಿಡಿದು ಕಾಲು ಕೆಳಗಿಟ್ಟರು. ಮತ್ಸ್ಯಗಂಧ ನಿಧಾನಕ್ಕೆ ಬಂದು ಅವರ ಮುಂದೆ ಹಾದು ಹೋಯಿತು. ಪುಟ್ಟ ಇನ್ನೂ ಸಿಗ್ನಲ್ ಕೊಟ್ಟಿರಲಿಲ್ಲ.

"ಇನ್ನೊಂದು ಬರ್ಲಿಕ್ಕುಂಟಾ ಮಾರಾಯ?" ಅಪ್ಪ ಕೇಳಿದರು.